ಅಪ್‌ಡೇಟ್: ಸೀತಾ ನದಿಗೆ ಹೋಗಿ ಬಂದೆವು

ಈಜು ಬಾರದ ಹೆಂಡತಿಯನ್ನು ಗೆಳೆಯರ ಜೊತೆ ಕಯಾಕಿಂಗ್‌ಗೆ (ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತಾ ಸುತ್ತುವುದು) ಕರೆದುಕೊಂಡು ಹೋಗಬಹುದಾ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಹೋಗಿ ಬಂದೆವು, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ, ಸೀತಾ ನದಿಯ ಹಿನ್ನೀರಿಗೆ.

ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿ, ಸಮುದ್ರದ ಭರತ-ಇಳಿತ ನೋಡಿ ಹೊರಡಿ ಅಂದಿದ್ದಿರಿ. ಆ ಮಾತು ತುಂಬಾ ಉಪಯೋಗಕ್ಕೆ ಬಂತು. ಸುಮಾರು 6 ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ಭರತದ ಜೊತೆ ಮೇಲಕ್ಕೆ ಹೋದೆವು, ಇಳಿತದ ಜೊತೆ ವಾಪಸ್. ಜಾಸ್ತಿ ಹುಟ್ಟು ಹಾಕಬೇಕಾಗಲೇ ಇಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಅವಳು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತುಬಿಟ್ಟಳು. ಕೆಸರಿನಿಂದ ಮೇಲೆದ್ದ ಬೇರುಗಳ ಮೇಲೆ ಪುಟ್ಟ ಏಡಿಗಳು ಓಡುತ್ತಿದ್ದವು.

ಸಂಜೆ ಸಿಗಡಿ ಚುಚ್ಚಿದ ಗಾಳಕ್ಕೆ ಎರಡು ಕಾಣೆ ಮೀನು ಸಿಕ್ಕವು, ಮೊದಲನೆಯದು ಅವಳದೇ. ರಾತ್ರಿ ಗೆಳೆಯರ ತೋಟದಲ್ಲಿ ಟೆಂಟ್.

ಅವಳೀಗ ಈಜು ಕ್ಲಾಸಿಗೆ ಸೇರಿದ್ದಾಳೆ. ಮುಂದಿನ ತಿಂಗಳು ಮತ್ತೆ ಹೊರಡುತ್ತೇವೆ.