10ಕೆ ತಯಾರಿಗೆ ಯಾವ ವಾಚ್? ಮರದಡಿ ಪೇಸ್ (ಒಂದು ಕಿ.ಮೀ.ಗೆ ಹಿಡಿಯೋ ಸಮಯ) ಸರಿ ಬರಬೇಕು, ದಿನದ ಹೆಜ್ಜೆ ಲೆಕ್ಕಕ್ಕೂ ಆಗಬೇಕು

ಕಬ್ಬನ್‌ಬೆಳಗು

ಎಲ್ಲರಿಗೂ ನಮಸ್ಕಾರ. ಓಟಕ್ಕೂ ದಿನದ ಓಡಾಟಕ್ಕೂ ಆಗುವ ಒಂದೇ ವಾಚ್ ಹುಡುಕ್ತಾ ಇದ್ದೀನಿ. ವಾರಕ್ಕೆ 4 ದಿನ ಓಟ, ಒಟ್ಟು 30–35 ಕಿ.ಮೀ. ಮೂರು ದಿನ ಕಬ್ಬನ್ ಪಾರ್ಕ್, ಒಂದು ದಿನ ಟ್ರೆಡ್‌ಮಿಲ್. ಗುರಿ ಏಪ್ರಿಲ್‌ನ ಬೆಂಗಳೂರು 10ಕೆ (10 ಕಿ.ಮೀ. ಓಟ), 60 ನಿಮಿಷದೊಳಗೆ.

ಈಗ ಕೈಯಲ್ಲಿರೋದು 3,000 ರೂಪಾಯಿಯ ವಾಚ್. ಅದರ ತೊಂದರೆಗಳು ಮೂರು. ಒಂದೇ ಸುತ್ತು ಒಂದು ದಿನ 5.0 ಕಿ.ಮೀ., ಇನ್ನೊಂದು ದಿನ 4.6. ಆರಾಮಾಗಿ ಮಾತಾಡ್ಕೊಂಡು ಓಡಿದ್ರೂ ಹೃದಯ ಬಡಿತ 170 ಅನ್ನುತ್ತೆ. ಸ್ಕೂಟರಲ್ಲಿ ಆಫೀಸಿಗೆ ಹೋಗಿಬಂದರೆ ಹೆಜ್ಜೆ ಲೆಕ್ಕ ತಾನಾಗೇ ಏರುತ್ತೆ.

ಫೋನ್ ಆಂಡ್ರಾಯ್ಡ್, ಓಡುವಾಗ ಸೊಂಟದ ಪೌಚಿನಲ್ಲಿರುತ್ತೆ. ಬಜೆಟ್ ಹೆಚ್ಚೆಂದರೆ 35,000. ಗಾರ್ಮಿನ್ ಫೋರ್‌ರನ್ನರ್ 55, 165, ಕೋರೋಸ್ ಪೇಸ್ 3 ನೋಡಿದ್ದೀನಿ. ಎಡಗೈಗೆ ವಾಚ್ ಜೊತೆ ಬಳೆಯೂ ಇರುತ್ತೆ, ಅದರಿಂದೇನಾದ್ರೂ ವ್ಯತ್ಯಾಸ ಆಗುತ್ತಾ?

ಹೆಜ್ಜೆಲೆಕ್ಕ

ದೂರದ ತೊಂದರೆ ಮೊದಲು ನೋಡೋಣ. ದುಡ್ಡು ಹಾಕಬೇಕಾದ ಜಾಗ ಅದೇ.

ಆ ಬೆಲೆಯ ಬಹುತೇಕ ವಾಚ್‌ಗಳ ಡಬ್ಬದ ಮೇಲೆ ಜಿಪಿಎಸ್ ಅಂತ ಬರೆದಿದ್ದರೂ ಒಳಗೆ ರಿಸೀವರ್ ಇರಲ್ಲ. ‘ಕನೆಕ್ಟೆಡ್ ಜಿಪಿಎಸ್’ ಅಂದರೆ ಫೋನಿನ ಜಿಪಿಎಸ್ಸನ್ನೇ ಎರವಲು ತಗೊಳ್ಳೋದು. ‘ಬಿಲ್ಟ್-ಇನ್’ ಅಂತ ಇದ್ದರೆ ಮಾತ್ರ ವಾಚಿಗೆ ಸ್ವಂತದ್ದು ಇದೆ ಅಂತ ಅರ್ಥ. ನಿಮ್ಮ ಫೋನ್ ಸೊಂಟಕ್ಕೆ ಅಂಟಿಕೊಂಡಿರೋದರಿಂದ ಆಕಾಶದ ಅರ್ಧ ಭಾಗಕ್ಕೆ ನಿಮ್ಮ ಮೈಯೇ ಅಡ್ಡ. ಅದರ ಮೇಲೆ ಬ್ಯಾಟರಿ ಉಳಿಸೋಕೆ ಆಂಡ್ರಾಯ್ಡ್ ಹಿನ್ನೆಲೆಯ ಆ್ಯಪನ್ನು ಮಲಗಿಸಿಬಿಡುತ್ತೆ. ಆಗ ತಿರುವುಗಳೆಲ್ಲ ನೇರ ಗೆರೆಗಳಾಗಿ ದೂರ ಕಮ್ಮಿ ಬೀಳುತ್ತೆ. 5.0 ಇದ್ದದ್ದು 4.6 ಆಗೋದು ಹೀಗೆ. ಹೊಸ ವಾಚ್ ಬರೋವರೆಗೆ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದು, ಲೊಕೇಶನ್ ಅನುಮತಿಯನ್ನು ‘ಯಾವಾಗಲೂ’ ಅಂತ ಇಡಿ. ಖರ್ಚಿಲ್ಲದೆ ಅರ್ಧ ಸರಿಹೋಗುತ್ತೆ.

ಇನ್ನು ಮರಗಳ ವಿಷಯ. ಕಬ್ಬನ್ ಪಾರ್ಕಿನ ದೊಡ್ಡ ಮರಗಳ ಎಲೆ, ಅದರಲ್ಲೂ ಮಳೆಗೆ ನೆನೆದ ಎಲೆ, ಸಿಗ್ನಲನ್ನು ಹೀರಿಕೊಳ್ಳುತ್ತೆ. ಕಸ್ತೂರಬಾ ರಸ್ತೆ ಕಡೆ ಬಂದರೆ ಗಾಜಿನ ಎತ್ತರದ ಕಟ್ಟಡಗಳಿಗೆ ಬಡಿದು ವಾಪಸ್ ಬರುವ ಸಿಗ್ನಲ್ ಸೇರಿಕೊಳ್ಳುತ್ತೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಸುತ್ತಿ ಬಂದ ಸಿಗ್ನಲ್ ತಡವಾಗಿ ತಲುಪುತ್ತೆ, ವಾಚು ಆ ತಡವನ್ನೇ ದೂರ ಅಂದುಕೊಳ್ಳುತ್ತೆ. ಹಳೆಯ ಎಲ್1 ತರಂಗದ (1575.42 ಮೆಗಾಹರ್ಟ್ಸ್) ಸಂಕೇತದ ಒಂದೊಂದು ತುಣುಕು ಸುಮಾರು 300 ಮೀಟರ್ ಉದ್ದ. ಎಲ್5 (1176.45 ಮೆಗಾಹರ್ಟ್ಸ್) ತರಂಗದ್ದು ಸುಮಾರು 30 ಮೀಟರ್. ತುಣುಕು ಚಿಕ್ಕದಾದಷ್ಟೂ ನೇರ ಬಂದದ್ದು ಯಾವುದು, ಗೋಡೆಗೆ ಬಡಿದು ಬಂದದ್ದು ಯಾವುದು ಅಂತ ಬೇರ್ಪಡಿಸೋದು ಸುಲಭ. ‘ಡ್ಯುಯಲ್ ಬ್ಯಾಂಡ್’, ‘ಮಲ್ಟಿ ಬ್ಯಾಂಡ್’ ಅಂದರೆ ಎರಡೂ ತರಂಗ ಹಿಡಿಯುವಂಥದ್ದು. ‘ಆಲ್ ಸಿಸ್ಟಮ್ಸ್’ ಬೇರೆಯೇ ವಿಷಯ. ಅದು ಜಿಪಿಎಸ್ ಜೊತೆ ಗ್ಲೋನಾಸ್, ಗೆಲಿಲಿಯೊ ಉಪಗ್ರಹಗಳನ್ನೂ ಸೇರಿಸಿಕೊಳ್ಳೋದು. ಅಂಗಡಿಯಲ್ಲಿ ಇವೆರಡನ್ನೂ ಒಂದೇ ಅಂತ ಹೇಳಿಬಿಡ್ತಾರೆ, ಒಪ್ಪಬೇಡಿ.

ನಿಮ್ಮ ಪಟ್ಟಿಯಲ್ಲಿ ಡ್ಯುಯಲ್ ಬ್ಯಾಂಡ್ ಇರೋದು ಪೇಸ್ 3ಕ್ಕೆ ಮಾತ್ರ. 55ಕ್ಕೂ 165ಕ್ಕೂ ಇಲ್ಲ. ಫೋರ್‌ರನ್ನರ್ 255, 265ರಲ್ಲಿ ಇದೆ. 265 ನಿಮ್ಮ ಬಜೆಟ್ ದಾಟುತ್ತೆ. 255 ಹಳೆ ಸ್ಟಾಕ್ ವಾರಂಟಿ ಸಮೇತ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಮಣಿಕಟ್ಟು ಸಣ್ಣದಿದ್ದರೆ 41 ಮಿ.ಮೀ.ನ 255ಎಸ್ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ಯಾವ ವಾಚ್ ತಗೊಂಡರೂ ಆ ಕ್ಷಣದ ಪೇಸ್ ನೋಡಿಕೊಂಡು ಓಡಬೇಡಿ. 6:00 ಪೇಸಲ್ಲಿ 5 ಸೆಕೆಂಡಿಗೆ ನೀವು ಸಾಗೋದು ಸುಮಾರು 14 ಮೀಟರ್. ಅಷ್ಟರೊಳಗೆ ವಾಚು 3 ಮೀಟರ್ ತಪ್ಪಿದರೂ ತೆರೆಯ ಮೇಲೆ 5:00 ಇಲ್ಲವೇ 7:30 ಕಾಣುತ್ತೆ. ಅದೇ 1 ಕಿ.ಮೀ.ನಲ್ಲಿ 10 ಮೀಟರ್ ತಪ್ಪಿದರೂ ವ್ಯತ್ಯಾಸ ಕಿಲೋಮೀಟರಿಗೆ ಮೂರೂವರೆ ಸೆಕೆಂಡು ಅಷ್ಟೆ. ತೆರೆಯಲ್ಲಿ ‘ಲ್ಯಾಪ್ ಪೇಸ್’ (ಓಡ್ತಿರೋ ಕಿಲೋಮೀಟರಿನ ಸರಾಸರಿ ಪೇಸ್) ಹಾಕಿಕೊಳ್ಳಿ.

ಸಾಧನಕೇರಿ_ರನ್ನರ್

ಅಕ್ಕಾರ, 170 ಯಾಕ ತೋರಸ್ತದ ಅಂತ ನಾ ಹೇಳ್ತೀನಿ. ಅದು ನಿಮ್ಮ ಎದೀ ಬಡಿತ ಅಲ್ರಿ, ನಿಮ್ಮ ಹೆಜ್ಜಿ ಲೆಕ್ಕ.

ವಾಚಿನ ಹಿಂದ ಹಸಿರು ದೀಪ ಇರ್ತಾವಲ್ರಿ, ಅವು ಚರ್ಮದೊಳಗ ಬೆಳಕ ಬಿಟ್ಟು, ರಕ್ತ ಏರಿಳಿದಂಗ ವಾಪಸ್ ಬರೋ ಬೆಳಕು ಎಷ್ಟು ಅಂತ ಅಳೀತಾವ. ಓಡುವಾಗ ಕೈ ಬೀಸಿದ್ರ ವಾಚೂ ಅದೇ ತಾಳಕ್ಕ ಕುಣೀತದ. ಸಡಿಲ ಇದ್ರ ಆ ಕುಣಿತಾನ ರಕ್ತದ ಬಡಿತಕ್ಕಿಂತ ದೊಡ್ಡ ಸಿಗ್ನಲ್ ಆಗ್ತದ. ನಿಮಿಷಕ್ಕ 165–175 ಹೆಜ್ಜಿ ಅಂದ್ರ ಭಾಳ ಓಟಗಾರರ ಸಹಜ ತಾಳ. ಒಮ್ಮೆ ಓಡಿ ಬಂದು ಆ್ಯಪಿನ್ಯಾಗ ಬಡಿತದ ಗೆರೀನೂ ಕೇಡೆನ್ಸ್ (ನಿಮಿಷಕ್ಕ ಎಷ್ಟು ಹೆಜ್ಜಿ) ಗೆರೀನೂ ಒಂದರ ಮ್ಯಾಲ ಒಂದು ಇಟ್ಟು ನೋಡ್ರಿ. ಎರಡೂ ಅಂಟಿಕೊಂಡು ಹೋಗಿದ್ರ ಅನುಮಾನ ಬ್ಯಾಡ.

ಮಣಿಕಟ್ಟಿನ ಎಲುಬಿನಿಂದ ಒಂದೆರಡು ಬೆರಳು ಮ್ಯಾಲ, ಮೊಣಕೈ ಕಡೆ ಏರಿಸಿ ಕಟ್ರಿ. ಚರ್ಮದ ಮ್ಯಾಲ ಜಾರಬಾರದು, ರಕ್ತ ನಿಲ್ಲೂವಂಗೂ ಇರಬಾರದು. ಓಟ ಮುಗದ ಮ್ಯಾಲ ಒಂದು ತೂತು ಸಡಿಲ ಮಾಡ್ರಿ. ಬಳಿ ಇನ್ನೊಂದು ಕೈಗೆ ಹಾಕ್ಕೋರಿ. ಬಳಿ ಬಂದು ವಾಚಿಗೆ ಬಡಿದ್ರ ವಾಚು ಪ್ರತಿ ಹೆಜ್ಜಿಗೂ ಎದ್ದು ಕೂಡ್ತದ, ಸಂದಿನ್ಯಾಗ ಬಿಸಿಲೂ ನುಗ್ತದ. ಡಿಸೆಂಬರ್, ಜನವರಿ ಮುಂಜಾನಿ ಚಳಿಗೆ ಚರ್ಮಕ್ಕ ರಕ್ತ ಕಡಿಮಿ ಬರ್ತದ, ಹಿಂಗಾಗಿ ಮೊದಲ 10 ನಿಮಿಷದ ಲೆಕ್ಕ ನಂಬಬ್ಯಾಡ್ರಿ.

400 ಮೀಟರ್ ಇಂಟರ್ವಲ್ (ಜೋರಾಗಿ ಓಡಿ, ನಡುವ ಸುಧಾರಿಸ್ಕೊಂಡು ಮತ್ತ ಓಡೂದು) ಓಡ್ತೀರಿ ಅಂದ್ರ ಇಷ್ಟೂ ಸಾಲೂದಿಲ್ಲ. ಬಡಿತ ದಿಢೀರ್ ಏರಿದ್ದನ್ನ ಮಣಿಕಟ್ಟು ಹಿಡಿಯೂದು ತಡ. ಹಿಡಿಯೂದ್ರಾಗ ಇಂಟರ್ವಲ್ಲೇ ಮುಗಿದಿರ್ತದ. ಎದಿಗೆ ಕಟ್ಟಿ ಬಡಿತ ಅಳಿಯೂ ಎದೀ ಪಟ್ಟಿ ತಗೋರಿ. ಪೋಲಾರ್ ಎಚ್10 ಬ್ಲೂಟೂತ್ ಮತ್ತ ಆ್ಯಂಟ್ ಪ್ಲಸ್ (ಬ್ಲೂಟೂತ್ ಹಂಗ ಇನ್ನೊಂದು ವೈರ್ ಇಲ್ಲದ ಪದ್ಧತಿ) ಎರಡರಾಗೂ ಕಳಸ್ತದ. ಪೇಸ್ 3ಕ್ಕ ಪಟ್ಟಿ ಕೂಡಿಸೂದು ಬ್ಲೂಟೂತ್‌ನ್ಯಾಗ ಮಾತ್ರ, ಬರೇ ಆ್ಯಂಟ್ ಪ್ಲಸ್ ಇರೋ ಹಳೀ ಪಟ್ಟಿ ಅದಕ್ಕ ಕೂಡೂದಿಲ್ಲ. ಹಾಕ್ಕೋಳೂ ಮುಂದ ಪಟ್ಟಿಯ ರಬ್ಬರ್ ಭಾಗ ನೀರಿನಿಂದ ಒದ್ದಿ ಮಾಡ್ರಿ, ಇಲ್ಲಂದ್ರ ಬೆವರು ಬರೂತನಕ ಹುಚ್ಚಾಪಟ್ಟಿ ಏರಿಳೀತದ. ಓಡಿ ಬಂದು ಗುಂಡಿ ಬಿಚ್ಚಿ ಸೆನ್ಸರ್ ಬ್ಯಾರೆ ಮಾಡಿ, ಪಟ್ಟಿ ನೀರಾಗ ತೊಳೀರಿ. ಬಿಚ್ಚದ ಹಂಗ ಬಿಟ್ರ ಒದ್ದಿ ಪಟ್ಟಿಯಿಂದ ಸೆಲ್ ಖರ್ಚಾಗ್ತಿರ್ತದ. ಸೆಲ್ ಸಿಆರ್2025, ಪ್ಯಾಟ್ಯಾಗ ಸಿಗ್ತದ.

ನನ್ನ ಅಭಿಪ್ರಾಯ ಕೇಳಿದ್ರ, 35,000 ಪೂರಾ ವಾಚಿಗೇ ಸುರೀಬ್ಯಾಡ್ರಿ. ಸ್ವಲ್ಪ ಕಡಿಮಿ ಬೆಲಿಯ ವಾಚೂ ಒಂದು ಎದೀ ಪಟ್ಟಿನೂ ಕೂಡಿದ್ರ ಬರೇ ಒಂದು ದುಬಾರಿ ವಾಚಿಗಿಂತ ಖರೇ ಲೆಕ್ಕ ಸಿಗ್ತದ.

ಕಡಲತಡಿ

ಮೇಲಿನವರು ಹೇಳದ ಒಂದೆರಡು ಸಂಗತಿ.

ತೆರೆಯ ವಿಷಯಕ್ಕೆ ಮರುಳಾಗಬೇಡಿ. 165ರದ್ದು ಅಮೊಲೆಡ್ (ತಾನೇ ಬೆಳಗುವ ತೆರೆ), ನೋಡಲಿಕ್ಕೆ ಚಂದ. ಕಂಪನಿ ಹೇಳುವ ಬ್ಯಾಟರಿ 11 ದಿನ, ಜಿಪಿಎಸ್ ಹಾಕಿದರೆ 19 ಗಂಟೆ. ತೆರೆಯನ್ನು ಸದಾ ಬೆಳಗುವಂತೆ ಇಟ್ಟರೆ ಆ 11 ದಿನ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಪೇಸ್ 3ರದ್ದೂ 55ರದ್ದೂ ಎಂಐಪಿ ತೆರೆ, ಅಂದರೆ ಹೊರಗಿನ ಬೆಳಕನ್ನೇ ಪ್ರತಿಫಲಿಸಿ ತೋರಿಸುವಂಥದ್ದು. ಮನೆಯೊಳಗೆ ಮಂಕಾಗಿ ಕಂಡರೂ ಬಿಸಿಲು ಹೆಚ್ಚಿದಷ್ಟು ಸ್ಪಷ್ಟ, ಯಾವಾಗಲೂ ಆನ್ ಇರುತ್ತದೆ, ಕೈ ತಿರುಗಿಸಿ ಎಬ್ಬಿಸಬೇಕಿಲ್ಲ. ಪೇಸ್ 3 ನೈಲಾನ್ ಪಟ್ಟಿಯೊಂದಿಗೆ ಬರೇ 30 ಗ್ರಾಂ, ಜಿಪಿಎಸ್ 38 ಗಂಟೆ. ಹಗುರ ಇದ್ದಷ್ಟು ಕೈಯಲ್ಲಿ ಕುಣಿಯುವುದು ಕಡಿಮೆ, ಹಾಗಾಗಿ ಬಡಿತದ ಲೆಕ್ಕಕ್ಕೂ ಅದು ಅನುಕೂಲ.

ಗುಂಡಿಗಳು ಬಹಳ ಮುಖ್ಯ. ಬೆವರಿದ ಬೆರಳಿಗೆ ಟಚ್ ತೆರೆ ಸ್ಪಂದಿಸುವುದಿಲ್ಲ, ಮಳೆ ಹನಿ ಬಿದ್ದರೆ ತಾನಾಗಿಯೇ ಏನೇನೋ ಒತ್ತಿಹೋಗುತ್ತದೆ. ಫೋರ್‌ರನ್ನರ್‌ಗಳಿಗೆ ಐದು ಗುಂಡಿ. ಲ್ಯಾಪ್ ಗುಂಡಿಯನ್ನು ನೋಡದೆಯೇ ಒತ್ತಬಹುದು.

ನೀರು ತಡೆಯುವ ಮಟ್ಟ ಎಂದು ಬರೆಯುವ 5 ಎಟಿಎಂ ಎಂದರೆ 50 ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ, ಅಷ್ಟು ಆಳದ ನಿಂತ ನೀರಿನ ಒತ್ತಡ ತಡೆಯುತ್ತದೆ ಎಂದು. ಈಜಿಗೆ, ಮಳೆಗೆ ಧಾರಾಳ ಸಾಕು. ಬಿಸಿನೀರಿನ ಸ್ನಾನಕ್ಕೆ ಮಾತ್ರ ತೆಗೆದಿಡಿ. ಸಾಬೂನು, ಬಿಸಿ ಎರಡೂ ಸೀಲಿಗೆ ಒಳ್ಳೆಯದಲ್ಲ. ಚಾರ್ಜಿಂಗ್ ಪಿನ್ನಿನ ಮೇಲೆ ಬೆವರಿನ ಉಪ್ಪು ಒಣಗಿದ್ದಾಗ ಕೇಬಲ್ ಹಾಕಬೇಡಿ, ಹಸಿರು ತುಕ್ಕು ಬರುತ್ತದೆ. ಸಿಹಿನೀರಲ್ಲಿ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿ. ಮಣಿಕಟ್ಟಿನಲ್ಲಿ ಕೆಂಪು ದದ್ದು ಎದ್ದರೆ ಹೆಚ್ಚಿನ ಸಲ ಕಾರಣ ಪಟ್ಟಿಯಡಿ ಸಿಕ್ಕಿಕೊಂಡ ಬೆವರು, ಸಾಬೂನು. ನಾಲ್ಕು ದಿನ ಇನ್ನೊಂದು ಕೈಗೆ ಕಟ್ಟಿ.

ಖರೀದಿಗೆ ಮುಂಚೆ ಅಂಗಡಿಯಲ್ಲೇ ಫೋನ್ ಜೋಡಿಸಿ ಒಂದು ಕನ್ನಡ ಮೆಸೇಜ್ ಕಳಿಸಿ ನೋಡಿ. ಒತ್ತಕ್ಷರ ಒಡೆದು ಅಥವಾ ಬರೀ ಚೌಕಗಳಾಗಿ ಬಂದರೆ ಮನೆಯವರ ಮೆಸೇಜ್ ಓದಲಿಕ್ಕೆ ದಿನವೂ ಫೋನ್ ತೆಗೆಯಬೇಕಾಗುತ್ತದೆ. ಹೊರದೇಶದಿಂದ ತರಿಸುವುದಾದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಕಬ್ಬನ್‌ಬೆಳಗು

ಕೇಡೆನ್ಸ್ ಗೆರೆ ಇಟ್ಟು ನೋಡಿದೆ, ಎರಡೂ ಹೆಚ್ಚುಕಡಿಮೆ ಒಂದೇ ಗೆರೆ! ಸಾಧನಕೇರಿ ಅವರಿಗೆ ಧನ್ಯವಾದ. ಈಗ 165 ಅಥವಾ ಪೇಸ್ 3, ಜೊತೆಗೆ ಎದೆ ಪಟ್ಟಿ ಅನ್ನೋದಕ್ಕೆ ಬಂದಿದ್ದೀನಿ. ಟ್ರೆಡ್‌ಮಿಲ್ ದೂರ, ಸ್ಕೂಟರ್ ಹೆಜ್ಜೆ ಬಗ್ಗೆ ಯಾರಾದ್ರೂ ಹೇಳ್ತೀರಾ? ವಾಚ್ ಬಂದ ದಿನ ಏನೇನು ಬದಲಾಯಿಸ್ಬೇಕು?

ಹೆಜ್ಜೆಲೆಕ್ಕ

ಟ್ರೆಡ್‌ಮಿಲ್‌ನಲ್ಲಿ ಜಿಪಿಎಸ್ ಇರಲ್ಲ, ಕೈ ಬೀಸೋದನ್ನ ನೋಡಿ ವಾಚು ದೂರ ಅಂದಾಜು ಮಾಡುತ್ತೆ. ಮೊದಲು ಹೊರಗೆ ನಾಲ್ಕೈದು ಸಲ ಬೇರೆ ಬೇರೆ ಪೇಸಲ್ಲಿ ಓಡಿ. ಯಾವ ತಾಳಕ್ಕೆ ಎಷ್ಟು ಉದ್ದದ ಹೆಜ್ಜೆ ಅಂತ ಅದು ಕಲಿಯುತ್ತೆ. ಆಮೇಲೆ ಟ್ರೆಡ್‌ಮಿಲ್‌ನಲ್ಲಿ ಕನಿಷ್ಠ 2.4 ಕಿ.ಮೀ. ಓಡಿ, ಮುಗಿಸುವಾಗ ‘ಕ್ಯಾಲಿಬ್ರೇಟ್ ಅಂಡ್ ಸೇವ್’ ಒತ್ತಿ ಯಂತ್ರ ತೋರಿಸಿದ ದೂರ ಹಾಕಿ. ಇದು ಗಾರ್ಮಿನ್ ಕ್ರಮ. ಹಿಡಿಕೆ ಹಿಡ್ಕೊಂಡು ಓಡಿದರೆ ಯಾವ ವಾಚಿಗೂ ಲೆಕ್ಕ ಸಿಗಲ್ಲ.

ಸ್ಕೂಟರ್ ಹೆಜ್ಜೆ ಪೂರ್ತಿ ಹೋಗಲ್ಲ. ಹಲವು ವಾಚ್‌ಗಳು ಸತತವಾಗಿ ಹತ್ತು ಹೆಜ್ಜೆ ಬೀಳೋವರೆಗೆ ಎಣಿಕೆ ಶುರು ಮಾಡಲ್ಲ, ಹಾಗಾಗಿ ಒಂದೆರಡು ರಸ್ತೆಗುಂಡಿಗೆ ಮೋಸಹೋಗಲ್ಲ. ನಮ್ಮ ರಸ್ತೆಯ ಸತತ ಕುಲುಕಾಟಕ್ಕೆ ಮೋಸಹೋಗುತ್ತೆ. ಉಲ್ಟಾ ತಪ್ಪೂ ಇದೆ: ತರಕಾರಿ ಚೀಲ ಹಿಡಿದ ಕೈ, ಟ್ರಾಲಿ ತಳ್ಳುವ ಕೈ ಬೀಸಲ್ಲ, ನಡೆದರೂ ಹೆಜ್ಜೆ ಬೀಳಲ್ಲ. 10,000 ಹೆಜ್ಜೆ ಅನ್ನೋದೂ ವೈದ್ಯಕೀಯ ಮಿತಿಯಾಗಿ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರೇ ‘ಮಾನ್ಪೋಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅದರ ಬದಲು ವಾರದ ‘ಇಂಟೆನ್ಸಿಟಿ ಮಿನಿಟ್ಸ್’ (ಮೈಗೆ ಶ್ರಮ ಆದ ನಿಮಿಷಗಳ ಲೆಕ್ಕ) ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷದ ತೀವ್ರ ಶ್ರಮ. ನಿಮ್ಮ ಓಟದಲ್ಲೇ ಅದು ಮುಗಿಯುತ್ತೆ.

ಮೊದಲ ದಿನ: ಯಾವ ಕೈಗೆ ಕಟ್ತೀರಿ, ತೂಕ, ಎತ್ತರ, ವಯಸ್ಸು ಸರಿಯಾಗಿ ತುಂಬಿ. ಜಿಪಿಎಸ್ಸನ್ನು ‘ಆಲ್ ಸಿಸ್ಟಮ್ಸ್’ಗೆ, ಪೇಸ್ 3 ಆದರೆ ಡ್ಯುಯಲ್ ಫ್ರೀಕ್ವೆನ್ಸಿಗೆ (ಡ್ಯುಯಲ್ ಬ್ಯಾಂಡ್ ಅಂದರೂ ಅದೇ) ಇಡಿ. ಗಾರ್ಮಿನ್‌ನಲ್ಲಿ ರೆಕಾರ್ಡಿಂಗ್ ‘ಸ್ಮಾರ್ಟ್’ನಿಂದ ‘ಪ್ರತಿ ಸೆಕೆಂಡ್’ಗೆ ಬದಲಿಸಿ. ರಾತ್ರಿಯಿಡೀ ಆಮ್ಲಜನಕ ಅಳೆಯೋದನ್ನ ಆಫ್ ಮಾಡಿ, ಬ್ಯಾಟರಿಯನ್ನು ಅದು ತುಂಬಾ ತಿನ್ನುತ್ತೆ. ಓಟಕ್ಕೆ ಹೊರಡೋ ಮುಂಚೆ ಫೋನಿಗೆ ಸಿಂಕ್ ಮಾಡಿದರೆ ಉಪಗ್ರಹಗಳ ಸ್ಥಾನದ ಪಟ್ಟಿ ಬಂದಿರುತ್ತೆ. ತೆರೆದ ಜಾಗದಲ್ಲಿ ನಿಂತು, ಸಿಗ್ನಲ್ ಹಸಿರಾದ ಮೇಲೂ ಅರ್ಧ ನಿಮಿಷ ಕಾದು ಸ್ಟಾರ್ಟ್ ಒತ್ತಿ. ಮರದಡಿಯೇ ನಿಂತು ಒತ್ತಿದರೆ ಮೊದಲ ಕಿಲೋಮೀಟರ್ ಕೆಡುತ್ತೆ.

165 ಇಲ್ಲಾ ಪೇಸ್ 3 ಅಂದರೆ, ಓಟವೇ ಮುಖ್ಯ ಆದ್ದರಿಂದ ನನ್ನ ಮತ ಪೇಸ್ 3ಕ್ಕೆ. ಐದು ಗುಂಡಿ, ಚಂದದ ತೆರೆ ಬೇಕೇ ಬೇಕು ಅಂದರೆ 165. ಮಾಮೂಲಿ 165ಕ್ಕೆ ಹಾಡು ತುಂಬೋಕೆ ಬರಲ್ಲ, ಅದಕ್ಕೆ ‘ಮ್ಯೂಸಿಕ್’ ಮಾದರಿ ಬೇರೆ ಇದೆ ಅನ್ನೋದು ಗಮನದಲ್ಲಿರಲಿ.

ಸಾಧನಕೇರಿ_ರನ್ನರ್

ಬಡಿತದ ಝೋನ್ (ಬಡಿತ ನೋಡಿ ಮಾಡಿದ ಶ್ರಮದ ಹಂತ) ಒಂದು ಉಳೀತ್ರಿ. ಹೊಸಾ ವಾಚು ‘220ರಾಗ ವಯಸ್ಸು ಕಳೀರಿ’ ಅನ್ನೋ ಲೆಕ್ಕದ ಮ್ಯಾಲ ಝೋನ್ ಹಾಕಿರ್ತದ. ಆ ಲೆಕ್ಕ ಒಬ್ಬೊಬ್ಬರಿಗೆ 10–12 ಬಡಿತ ಆಚೀಚೆ ಆಗೂದು ಸಾಮಾನ್ಯ. ಎದೀ ಪಟ್ಟಿ ಹಾಕ್ಕೊಂಡು, ಚಲೋ ಮೈ ಬಿಸಿ ಮಾಡಿ, 30 ನಿಮಿಷ ತಡಕೊಳ್ಳೋ ಅಷ್ಟೂ ಜೋರಾಗಿ ಒಂದೇ ಸಮ ಓಡ್ರಿ. ಕಡೀ 20 ನಿಮಿಷದ ಸರಾಸರಿ ಬಡಿತಾನ ಲ್ಯಾಕ್ಟೇಟ್ ಥ್ರೆಶೋಲ್ಡ್ (ಇದರ ಮ್ಯಾಲ ಹೋದ್ರ ಲಗೂನ ದಣಿಯೂ ಮಿತಿ) ಅಂತ ಹಾಕಿ, ಝೋನ್ ಅದರ ಮ್ಯಾಲ ಮಾಡಿಸ್ರಿ. ಎದೀ ನೋವು, ಬಿಪಿ ತೊಂದರಿ ಇದ್ದವರು ಡಾಕ್ಟರ್‌ನ ಕೇಳದ ಈ ಪರೀಕ್ಷಾ ಮಾಡಬಾರದು.

ಇನ್ನ ರೇಸಿನ ದಿನದ್ದು. ರೇಸಿನ ದಾರಿ ಅಳಿಯೂದು ತಿರುವಿನ ಒಳ ಅಂಚಿನ ಮ್ಯಾಲ, ಅತೀ ಹತ್ತರದ ದಾರಿ ಹಿಡಿದು. ಸಾವಿರಾರು ಮಂದಿ ನಡುವ ಆ ಗೆರಿ ಹಿಡಿದು ಓಡಾಕ ಆಗೂದಿಲ್ಲ, ಜಿಪಿಎಸ್ ಹೊಯ್ದಾಟಾನೂ ಕೂಡ್ತದ. ಮುಗಿಯೂ ಗೆರಿ ಮುಟ್ಟೂದ್ರಾಗ ವಾಚು 10.15 ಆಸುಪಾಸು ತೋರಸ್ತದ ಅಂತ ತಿಳಕೋರಿ. 60 ನಿಮಿಷಕ್ಕ ಭಾಗಿಸಿದ್ರ ವಾಚಿನ ಪ್ರಕಾರ ನಿಮಗ ಬೇಕಾದ್ದು 6:00 ಅಲ್ಲ, 5:54. ಆಟೋ ಲ್ಯಾಪ್ (ವಾಚು ತಾನ ಕಿಲೋಮೀಟರ್ ಗುರುತು ಹಾಕೂದು) ಆಫ್ ಮಾಡಿ, ರಸ್ತೆ ಬಾಜೂಕ ಕಿಲೋಮೀಟರ್ ಫಲಕ ಬಂದಾಗೆಲ್ಲ ಕೈಯಿಂದ ಲ್ಯಾಪ್ ಒತ್ರಿ. ಪೇಸ್ 3 ತಗೊಂಡ್ರ ಟಚ್ ಲಾಕ್ ಮಾಡಿ, ಯಾವ ಗುಂಡಿಗೆ ಲ್ಯಾಪ್ ಅದ ಅಂತ ಒಂದು ವಾರ ಮೊದಲ ರೂಢಿ ಮಾಡ್ಕೋರಿ.