ಫ್ಲೈವೀಲ್, ಫ್ಲೆಕ್ಸ್‌ಪ್ಲೇಟ್: ‘ಕೂರುವುದು’ ಬೇರೆ, ‘ಹೊಂದುವುದು’ ಬೇರೆ

ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ ಮ್ಯಾನುವಲ್ ಗೇರ್‌ಬಾಕ್ಸ್ ಏರಿಸುವ ಕೆಲಸದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗೇರ್, ಕ್ಲಚ್, ಬೋಲ್ಟುಗಳ ಬಗ್ಗೆ ತಕರಾರಿಲ್ಲ, ಅವು ಕನ್ನಡದವೇ ಆಗಿಹೋಗಿವೆ. ಕೈ ತಡೆದಿರುವುದು ಫ್ಲೈವೀಲ್ ಆರಿಸುವ ಅಧ್ಯಾಯದಲ್ಲಿ.

ಫ್ಲೈವೀಲ್ ಎಂಬುದನ್ನು ಹಾಗೆಯೇ ಉಳಿಸುವುದೋ, ಕನ್ನಡ ಪದ ಕಟ್ಟುವುದೋ? ‘ಹಾರುಚಕ್ರ’ ಎಂದರೆ ನಗು ಬರುತ್ತದೆ. ಅದು ಹಾರಿದ ದಿನ ಯಾರೂ ಹತ್ತಿರ ಇರಬಾರದು. ‘ಜಡಚಕ್ರ’ ಭೌತವಿಜ್ಞಾನದ ಜಡತ್ವಕ್ಕೆ ಹತ್ತಿರವೇನೋ ಹೌದು, ಆದರೆ ಕಿವಿಗೆ ತಿರುಗದೆ ನಿಂತ ಚಕ್ರದಂತೆ ಕೇಳಿಸುತ್ತದೆ. ಈ ಗಾಲಿಯ ಕೆಲಸ ಅದಕ್ಕೆ ತದ್ವಿರುದ್ಧ. ಎಂಜಿನ್ನಿನ ಬಲ ಒಂದೇ ಸಮನೆ ಬರುವುದಿಲ್ಲ, ಸಿಲಿಂಡರಿನ ಒಂದೊಂದು ಸ್ಫೋಟಕ್ಕೆ ಒಂದೊಂದು ತಳ್ಳು. ಆ ತಳ್ಳುಗಳ ನಡುವೆ ವೇಗ ಕುಸಿಯದಂತೆ ಎಂಜಿನ್ನಿನ ಹಿಂಬದಿಗೆ ಬಿಗಿದ ಈ ಭಾರವಾದ ತಟ್ಟೆ ತನ್ನ ಓಟದಿಂದ ಕಾಯುತ್ತದೆ. ಕುಂಬಾರನ ತಿಗುರಿ ಇದನ್ನೇ ಮಾಡುತ್ತದೆ: ಕೋಲಿನಿಂದ ಒಮ್ಮೆ ತಿರುವಿ ಬಿಟ್ಟರೆ ಮಡಕೆ ಏಳುವವರೆಗೂ ತಿರುಗುತ್ತಿರುತ್ತದೆ. ನಮ್ಮಲ್ಲಿ ಇದಕ್ಕೆ ಹೆಸರು ಇತ್ತು, ಅದು ಕುಂಬಾರರ ಬಳಿ ಇತ್ತು ಅಷ್ಟೇ. ಹಾಗೆಂದು ಕಾರಿನ ಕೈಪಿಡಿಯಲ್ಲಿ ‘ತಿಗುರಿ’ ಎಂದು ಬರೆಯುವ ಧೈರ್ಯ ನನಗಿಲ್ಲ. ಬಿಡಿಭಾಗ ಕೊಳ್ಳಲು ಹೋದವನು ಕೇಳುವುದು ಫ್ಲೈವೀಲನ್ನೇ.

ಆದರೆ ಫ್ಲೈವೀಲ್ ಎಂದು ಬಿಟ್ಟರೆ ತೊಡಕು ಮುಗಿಯುವುದಿಲ್ಲ, ಶುರುವಾಗುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಅದೇ ಜಾಗದಲ್ಲಿ ಇರುವುದು ಫ್ಲೆಕ್ಸ್‌ಪ್ಲೇಟ್. ತೆಳ್ಳಗಿನ ಉಕ್ಕಿನ ತಟ್ಟೆ, ತುಸು ಬಾಗಬಲ್ಲದು. ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಅದಕ್ಕೆ ಬಿಗಿಯುತ್ತಾರೆ. ಭಾರವೆಲ್ಲ ದ್ರವ ತುಂಬಿದ ಕನ್ವರ್ಟರಿನಲ್ಲೇ ಇರುವುದರಿಂದ ತಟ್ಟೆ ದಪ್ಪ ಇರಬೇಕಿಲ್ಲ. ಕ್ಲಚ್ ಒತ್ತಿ ಉಜ್ಜುವ ನಯವಾದ ಮುಖವೂ ಅದಕ್ಕಿಲ್ಲ. ಆಡುಮಾತಿನಲ್ಲಿ ಎರಡನ್ನೂ ಫ್ಲೈವೀಲ್ ಎಂದುಬಿಡುವವರಿದ್ದಾರೆ. ಹಾಗೆ ಬರೆದರೆ ‘ಹಳೆಯ ಫ್ಲೈವೀಲನ್ನು ಬಿಚ್ಚಿ, ಅದರ ಬೋಲ್ಟುಗಳನ್ನು ಎತ್ತಿಡಿ’ ಎಂಬ ವಾಕ್ಯ ಓದಿದವನು ಅವೇ ಬೋಲ್ಟುಗಳನ್ನು ಮತ್ತೆ ಹಾಕಿಯಾನು. ತೆಳುತಟ್ಟೆಯ ಬೋಲ್ಟುಗಳು ದಪ್ಪ ಫ್ಲೈವೀಲಿಗೆ ಸಾಮಾನ್ಯವಾಗಿ ಗಿಡ್ಡವಾಗುತ್ತವೆ. ಹೀಗಾಗಿ ಇದಕ್ಕೊಂದು ಪ್ರತ್ಯೇಕ ಪದ ಬೇಕೇ ಬೇಕು. ಸದ್ಯ ‘ತೆಳುತಟ್ಟೆ’ ಎಂದು ಇಟ್ಟುಕೊಂಡಿದ್ದೇನೆ. ‘ಬಾಗುಫಲಕ’ ಎಂದೂ ಒಂದು ಸಲ ಬರೆದೆ. ರಸ್ತೆ ಬದಿಯ ನಾಮಫಲಕ ಗಾಳಿಗೆ ಬಾಗಿದಂತೆ ಅನ್ನಿಸಿ ಹೊಡೆದುಹಾಕಿದೆ.

ಇನ್ನು ಮುಖ್ಯ ಪ್ರಶ್ನೆ. ಮೂಲದಲ್ಲಿ ‘ಫಿಟ್’ ಎಂಬ ಒಂದೇ ಕ್ರಿಯಾಪದ ಎಲ್ಲೆಡೆ ಬರುತ್ತದೆ. ಕನ್ನಡದಲ್ಲಿ ನಮಗೆ ಎರಡಿವೆ: ಕೂರುವುದು, ಹೊಂದುವುದು. ಈ ಅಧ್ಯಾಯದ ತಿರುಳು ಇರುವುದೇ ಆ ವ್ಯತ್ಯಾಸದಲ್ಲಿ. ಉದಾಹರಣೆಗೆ ಫೋರ್ಡ್ 302 ಎಂಜಿನ್. 1980ರ ದಶಕದ ಆರಂಭದವರೆಗೆ ಅದಕ್ಕೆ 28 ಔನ್ಸ್-ಇಂಚು ಅಸಮತೂಕದ (ಬೇಕೆಂದೇ ಒಂದು ಬದಿಗೆ ಅಷ್ಟು ಭಾರ ಹೆಚ್ಚಿಸಿದ) ಫ್ಲೈವೀಲ್, ನಂತರ 50 ಔನ್ಸ್-ಇಂಚಿನದು. ಆರು ಬೋಲ್ಟುಗಳ ಜಾಗ ಎರಡರಲ್ಲೂ ಒಂದೇ, ಆದ್ದರಿಂದ ಯಾವುದಾದರೂ ಕೂರುತ್ತದೆ. ಆದರೆ ಹೊಂದುವುದು ಒಂದೇ. ಇನ್ನೊಂದನ್ನು ಹಾಕಿದರೆ ಎಂಜಿನ್ ಅದುರಿ ಬೇರಿಂಗ್ ತಿನ್ನುತ್ತದೆ. ಫ್ಲೈವೀಲಿನ ಅಂಚಿನಲ್ಲಿ ಸ್ಟಾರ್ಟರ್ ಮೋಟಾರು ಹಿಡಿದು ತಿರುಗಿಸುವ ಹಲ್ಲುಗಳಿರುತ್ತವೆ; ಷೆವರ್ಲೆಯ ಸ್ಮಾಲ್ ಬ್ಲಾಕ್ ಎಂಜಿನ್ನಿನಲ್ಲಿ 153 ಹಲ್ಲಿನದೂ ಇದೆ, 168 ಹಲ್ಲಿನದೂ ಇದೆ. ಹಲ್ಲು ಬದಲಾದರೆ ಸುತ್ತಳತೆ ಬದಲು, ಸ್ಟಾರ್ಟರ್ ಮೋಟಾರೂ ಅದಕ್ಕೆ ತಕ್ಕಂತಿರಬೇಕು. 1986ರಿಂದ ಕ್ರ್ಯಾಂಕಿನ (ಫ್ಲೈವೀಲನ್ನು ಬಿಗಿಯುವ, ಎಂಜಿನ್ನಿನ ತಿರುಗುವ ದಂಡದ) ಹಿಂಬದಿಯ ಎಣ್ಣೆಸೀಲು ಒಂದೇ ತುಂಡಿನದಾಗಿ ಬೋಲ್ಟುಗಳ ವೃತ್ತವೇ ಕಿರಿದಾಯಿತು. ಅಲ್ಲಿ ಹಳೆಯದು ಕೂರುವುದೂ ಇಲ್ಲ. ಆದ್ದರಿಂದ ಬೋಲ್ಟು ಬಿದ್ದರೆ ‘ಕೂರುತ್ತದೆ’, ತೂಕ, ಹಲ್ಲು, ಕ್ಲಚ್ಚಿನ ಅಳತೆ ಎಲ್ಲ ಒಪ್ಪಿದರೆ ಮಾತ್ರ ‘ಹೊಂದುತ್ತದೆ’ ಎಂದು ಕೈಪಿಡಿಯುದ್ದಕ್ಕೂ ಬಳಸುತ್ತಿದ್ದೇನೆ. ಈ ಭೇದ ನಿಮ್ಮ ಕಿವಿಗೂ ಹೀಗೆಯೇ ಕೇಳಿಸುತ್ತದೆಯೇ, ಅಥವಾ ನಾನೇ ಎಳೆದು ತರುತ್ತಿದ್ದೇನೆಯೇ?

ಮತ್ತೊಂದು ಪೇಚು ‘ಝೀರೋ ಬ್ಯಾಲೆನ್ಸ್’ ಫ್ಲೈವೀಲಿನದು. ‘ಶೂನ್ಯ ಸಮತೋಲನ’ ಎಂದು ಬರೆದು ಮರುದಿನ ಓದಿದಾಗ ಗಾಬರಿಯಾಯಿತು: ಸಮತೋಲನವೇ ಇಲ್ಲದ್ದು ಎಂಬ ಅರ್ಥ ಬರುತ್ತದೆ, ಇಲ್ಲವೇ ಬ್ಯಾಂಕ್ ಖಾತೆ ನೆನಪಾಗುತ್ತದೆ. ನಿಜದಲ್ಲಿ ಅದು ಯಾವ ಬದಿಗೂ ಹೆಚ್ಚುವರಿ ತೂಕವಿಲ್ಲದ, ತನ್ನಷ್ಟಕ್ಕೆ ಸಮವಾಗಿ ತಿರುಗುವ ಗಾಲಿ. ಕ್ರ್ಯಾಂಕಿನ ಕೊರತೆಯನ್ನು ತುಂಬಲು ಬೇಕೆಂದೇ ಒಂದು ಬದಿ ಭಾರ ಮಾಡಿದ್ದು ಇನ್ನೊಂದು ಬಗೆ. ಇವಕ್ಕೆ ‘ಸಮತೂಕದ’, ‘ಓರೆತೂಕದ’ ಎಂದು ಬರೆದಿದ್ದೇನೆ. ‘ಓರೆತೂಕ’ ನಾನೇ ಕಟ್ಟಿದ ಪದ, ತಿದ್ದಲು ಸಿದ್ಧ. ನಡುವೆ ಸ್ಪ್ರಿಂಗುಗಳಿರುವ ಎರಡು ಭಾಗಗಳ ‘ಡ್ಯುಯಲ್ ಮಾಸ್’ ಫ್ಲೈವೀಲ್ ಮಾತ್ರ ಇಂಗ್ಲಿಷಿನಲ್ಲೇ ಇದೆ. ‘ಜೋಡಿ ಫ್ಲೈವೀಲ್’ ಎಂದರೆ ಯಾರಾದರೂ ಎರಡು ಕೊಂಡಾರು.

ಫ್ಲೈವೀಲಿನ ಅಂಚಿನ ಹಲ್ಲುಗಳ ಸುತ್ತು ‘ರಿಂಗ್ ಗೇರ್’ಗೆ ‘ಹಲ್ಲುಬಳೆ’ ಎಂಬುದು ನನಗೆ ಬಹಳ ಹಿಡಿಸಿದೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವಂತೆ ಇದನ್ನೂ ಕಾಯಿಸಿಯೇ ಫ್ಲೈವೀಲಿಗೆ ತೊಡಿಸುತ್ತಾರೆ, ಆರಿದ ಮೇಲೆ ಬಿಗಿಯುತ್ತದೆ. ತೊಡಿಸುವುದು ಎಂಬ ಕ್ರಿಯಾಪದಕ್ಕೆ ಬಳೆಯೇ ಸರಿ.

ಕೊನೆಯದಾಗಿ ಕೈಪಿಡಿಯ ಶೀರ್ಷಿಕೆಯಲ್ಲಿರುವ ‘ಸ್ವಾಪ್’, ಅಂದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು. ‘ಗೇರ್ ಬದಲಾವಣೆ’ ಎಂದರೆ ಓಡಿಸುವಾಗ ಗೇರ್ ಹಾಕುವುದು ಎಂದಾಗುತ್ತದೆ. ‘ಅದಲುಬದಲು’ ಎಂದರೆ ಎರಡು ಕಾರುಗಳ ಗೇರ್‌ಬಾಕ್ಸುಗಳು ಪರಸ್ಪರ ಜಾಗ ಬದಲಿಸಿದಂತೆ. ‘ಗೇರ್‌ಬಾಕ್ಸ್ ಮಾರ್ಪಾಡು’ ಎಂದರೆ ಪೆಟ್ಟಿಗೆಯನ್ನೇ ಬಿಚ್ಚಿ ತಿದ್ದಿದಂತೆ. ಇವು ಮೂರೂ ಅಲ್ಲದ ಒಂದು ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಮುಖಪುಟ ಅದೊಂದಕ್ಕಾಗಿಯೇ ನಿಂತಿದೆ.