ಸಂದರ್ಶನದಲ್ಲಿ ಅಡ್ಡಹೆಸರು ಯಾಕೆ ಬೇಕು?

ತೊರವಿ ಕಡೆಯವಳು: ಹೋದ ವಾರ ವಿಜಯಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್ ಕೆಲಸಕ್ಕೆ ಸಂದರ್ಶನ ಇತ್ತು. ಆಯ್ಕೆ ಸಮಿತಿಯಲ್ಲಿ ಐದು ಜನ. ಮೊದಲ ಪ್ರಶ್ನೆ, ‘ಅಡ್ಡಹೆಸರು ಏನು?’ ಆಮೇಲೆ, ‘ಮದುವೆ ಆದ ಮೇಲೆ ಕೆಲಸ ಬಿಡ್ತೀರಾ?’ ಜಮಾ-ಖರ್ಚಿನ ಮಾತೇ ಬರಲಿಲ್ಲ. ಚಹಾ ಬಂತು, ಸಂದರ್ಶನ ಮುಗಿಯಿತು.

ಜೋಳದ ರೊಟ್ಟಿ: ಅಕ್ಕಾ, ನಮ್ಮ ಕಡೆ ಅಡ್ಡಹೆಸರಿಂದಲೇ ಅಲ್ವಾ ಮಾತು ಶುರು ಆಗೋದು? ಸುಮ್ನೆ ದೊಡ್ಡದು ಮಾಡಬೇಡಿ. ಖಾಸಗಿ ಕಾಲೇಜು, ಅವರ ದುಡ್ಡು, ಅವರ ಇಷ್ಟ.

ಕಾಯ್ದೆ ಓದುವವ: ಬಡಿಗೇರ, ಕುಂಬಾರ, ಹಡಪದ ಅಂದ ಮೇಲೆ ಜಾತಿ ಬೇರೆ ಕೇಳಬೇಕಾ? ಪೂರ್ತಿ ಅವರ ಇಷ್ಟವೂ ಅಲ್ಲ. ನೌಕರಿಯಲ್ಲಿ ಸಮಾನ ಅವಕಾಶ ಅನ್ನೋ ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗೆ ಮಾತ್ರ, ಒಪ್ಪಿದೆ. ಆದರೆ ಹೆಣ್ಣು ಅಂತ ನೇಮಕದಲ್ಲಿ ಭೇದ ಮಾಡಬಾರದು ಅನ್ನೋದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಅದು ಖಾಸಗಿಯವರಿಗೂ ಸೇರಿ. ಮದುವೆ ಪ್ರಶ್ನೆ ಗಂಡಸರಿಗೂ ಕೇಳಿದರಾ?

ತೊರವಿ ಕಡೆಯವಳು: ನನಗಿಂತ ಮುಂಚೆ ಹೋದವನಿಗೆ ‘ಕ್ರಿಕೆಟ್ ಆಡ್ತೀಯಾ’ ಅಂತ ಕೇಳಿದರಂತೆ.

ನಿವೃತ್ತ ಮಾಸ್ತರ: ತಂಗೀ, ನಾನು ಇಂಥ ಸಮಿತಿಗಳಲ್ಲಿ ಕೂತವನು. ಅಂಕಪಟ್ಟಿಯನ್ನು ಪೆನ್ಸಿಲ್‌ನಲ್ಲಿ ತುಂಬುತ್ತಿದ್ದೆವು. ಎಲ್ಲರೂ ಹೋದ ಮೇಲೆ ಅಧ್ಯಕ್ಷರು ‘ಆ ಮೂರನೆಯವ ಚೊಲೋ ಇದ್ದ’ ಅನ್ನುತ್ತಿದ್ದರು. ಅಷ್ಟೇ, ರಬ್ಬರ್ ಕೈಯಿಂದ ಕೈಗೆ ಹೋಗುತ್ತಿತ್ತು. ನಾನೂ ಒಮ್ಮೆ 14 ಅಳಿಸಿ 9 ಮಾಡಿದ್ದೇನೆ. ಆ ಹುಡುಗಿ ಬೋರ್ಡಿನ ಮುಂದೆ ಪಾಠ ಮಾಡಿದ್ದು ಎಲ್ಲರಿಗಿಂತ ಚೆನ್ನಾಗಿತ್ತು.

ಜೋಳದ ರೊಟ್ಟಿ: ಮಾಸ್ತರ್ರೇ, ಪೆನ್ನಿನಲ್ಲಿ ಬರೆದರೆ ಮನಸ್ಸಿನಲ್ಲಿದ್ದದ್ದು ಹೋಗುತ್ತಾ?

ನಿವೃತ್ತ ಮಾಸ್ತರ: ಹೋಗೋದಿಲ್ಲ. ಆದರೆ ಮಾತಿಗೆ ಕೂರುವ ಮುಂಚೆಯೇ ಐವರೂ ಪೆನ್ನಿನಲ್ಲಿ ಬರೆದು ಸಹಿ ಹಾಕಿದರೆ ಯಾರು ಎಷ್ಟು ಕೊಟ್ಟರು ಅನ್ನೋದು ಹಾಳೆಯ ಮೇಲೆ ಉಳಿಯುತ್ತದೆ. ಎಲ್ಲರಿಗೂ ಅವೇ ಪ್ರಶ್ನೆ, ಅಷ್ಟೇ ಹೊತ್ತು ಪಾಠ. ಸಂಬಂಧಿಕರು ಬಂದರೆ ಎದ್ದು ಹೊರಗೆ ಹೋಗಬೇಕು.

ಕಾಯ್ದೆ ಓದುವವ: ಶ್ರೀನಗರದ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲೂ ಇದೇ ಕಥೆ. ಎರಡು-ಮೂರು ನಿಮಿಷದ ಸಂದರ್ಶನ, ತಂದೆ ಯಾರು, ಮನೆ ಎಲ್ಲಿ ಅನ್ನೋ ಪ್ರಶ್ನೆ, ಅದಕ್ಕೆ 150ರಲ್ಲಿ 50 ಅಂಕ! 1980ರಲ್ಲಿ, ಅಜಯ್ ಹಾಸಿಯಾ ಪ್ರಕರಣದಲ್ಲಿ, ಸಂದರ್ಶನಕ್ಕೆ ಶೇ 15ಕ್ಕಿಂತ ಜಾಸ್ತಿ ಅಂಕ ಇಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದು ನೌಕರಿಯ ಮಾತಲ್ಲ, ನಿಜ. ಆದರೆ ಪ್ರಶ್ನೆ ನೋಡಿ, ಅವೇ.

ತೊರವಿ ಕಡೆಯವಳು: ಮಾಸ್ತರ್ರೇ, ಪೆನ್ನು, ಪೆನ್ಸಿಲ್ ಆಮೇಲಿನ ಮಾತು. ನಮ್ಮಲ್ಲಿ ಇಬ್ಬರ ಮುಂದೆ ಹಾಳೆಯೇ ಇರಲಿಲ್ಲ. ಚಹಾದ ಬಶಿ ಇತ್ತು.